ಒಂದು ರಿಟರ್ನ್ ಟಿಕೆಟ್ಟಿನ ದೂರದ ಕೋಟೆಗಳು

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲಿ ಒಂದು ರೂಢಿಯಿದೆ. ಮೇ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಚಿತ್ರದುರ್ಗಕ್ಕೋ ಹಂಪಿಗೋ ವಿಜಯಪುರಕ್ಕೋ ಕರೆದುಕೊಂಡು ಹೋಗಿ, "ನೋಡಿ ಮಕ್ಕಳೇ, ಇದು ನಮ್ಮ ಇತಿಹಾಸ" ಎಂದು ತೋರಿಸುತ್ತೇವೆ. ಫೋಟೊ ತೆಗೆಯುತ್ತೇವೆ. ರಜೆ ಮುಗಿಸಿ ವಾಪಸು ಬಂದ ಮೇಲೆ ಇತಿಹಾಸವೂ ಮುಗಿಯುತ್ತದೆ. ಉಳಿದ ಭಾನುವಾರಗಳೆಲ್ಲ ಮಾಲು, ಮಾರ್ಕೆಟ್ಟು, ಮೊಬೈಲಿಗೆ ಹೋಗುತ್ತವೆ.

ನಾವಿರುವ ಈ ಜಾಗದ ಸುತ್ತ ಎಷ್ಟು ಕೋಟೆಗಳಿವೆ ಎಂದು ಲೆಕ್ಕ ಹಾಕಿದ್ದೀರಾ? ಮಳೆಗಾಲ ಕಳೆದು ಆಕಾಶ ತಿಳಿಯಾದ ದಿನ ಡೊಂಬಿವಲಿಯ ಯಾವುದಾದರೂ ಎತ್ತರದ ಕಟ್ಟಡದ ಟೆರೇಸಿಗೆ ಹೋಗಿ ನೋಡಿ. ಮಲಂಗಗಡದ ಗುಡ್ಡಸಾಲು ಎದುರಿಗೇ ಕಾಣುತ್ತದೆ. ಕಲ್ಯಾಣದ ಖಾಡಿಯ ದಂಡೆಯಲ್ಲಿ ದುರ್ಗಾಡಿ, ಬೇಲಾಪುರದಲ್ಲಿ ಒಂದು ಕೋಟೆ, ಘೋಡ್‌ಬಂದರಿನಲ್ಲಿ ಇನ್ನೊಂದು. ಪನ್ವೇಲ್ ದಾಟಿದರೆ ಕರ್ನಾಳಾ, ಪ್ರಬಲಗಡ. ಕಸಾರಾ ಲೈನಿನಲ್ಲಿ ಮಾಹುಲಿ. ಪಶ್ಚಿಮಕ್ಕೆ ವಸಾಯಿ. ಎಲ್ಲವೂ ಬೆಳಿಗ್ಗೆ ಹೊರಟು ರಾತ್ರಿಯ ಊಟಕ್ಕೆ ಮನೆಗೆ ಬರಬಹುದಾದ ದೂರದಲ್ಲಿವೆ.

ನಾನು ಡೊಂಬಿವಲಿ ಪೂರ್ವದಲ್ಲಿರುವವನು. ವಾರಕ್ಕೆ ಮೂರು ದಿನ ಐರೋಳಿಯ ಆಫೀಸು, ಎರಡು ದಿನ ಮನೆಯಿಂದಲೇ ಕೆಲಸ. ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು ಮತ್ತು ನಾನು ಕಳೆದ ಮೂರು-ನಾಲ್ಕು ಚಳಿಗಾಲಗಳಲ್ಲಿ ಈ ಕೋಟೆಗಳನ್ನು ಒಂದೊಂದಾಗಿ ನೋಡುತ್ತಾ ಬಂದಿದ್ದೇವೆ. ಟ್ರೆಕ್ಕಿಂಗ್ ಗುಂಪು, ದುಬಾರಿ ಬೂಟು ಇದಾವುದೂ ನಮ್ಮಲ್ಲಿಲ್ಲ. ನೋಡಿದ್ದನ್ನು ನಿಮ್ಮ ಮುಂದಿಡುತ್ತೇನೆ. ನೋಡಬೇಕು ಎನ್ನುವುದಕ್ಕೆ ನನ್ನ ಕಾರಣವೇನೆಂಬುದು ಮಾಹುಲಿಯ ಕತೆ ಬಂದಾಗ ತಿಳಿಯುತ್ತದೆ.

ಇಲ್ಲೇ ಯಾಕೆ ಇಷ್ಟೊಂದು ಕೋಟೆ?

ಕಲ್ಯಾಣ್ ಜಂಕ್ಷನ್ನಿನಲ್ಲಿ ರೈಲು ದಾರಿ ಎರಡಾಗಿ ಒಡೆಯುತ್ತದಲ್ಲ, ಉತ್ತರ ಅಲ್ಲಿಯೇ ಇದೆ. ಒಂದು ದಾರಿ ಕಸಾರಾ ಕಡೆಗೆ ಹೋಗಿ ಥಳ ಘಾಟ್ ಹತ್ತಿ ನಾಸಿಕ್ ಮುಟ್ಟುತ್ತದೆ. ಇನ್ನೊಂದು ಕರ್ಜತ್ ಕಡೆಗೆ ಹೋಗಿ ಬೋರ್ ಘಾಟ್ ಹತ್ತಿ ಪುಣೆಗೆ ಹೋಗುತ್ತದೆ. ಬ್ರಿಟಿಷರು ಹಳಿ ಹಾಕುವ ಎಷ್ಟೋ ಶತಮಾನ ಮೊದಲೇ ಎತ್ತು, ಕತ್ತೆ, ಕುದುರೆಗಳು ಸರಕು ಹೊತ್ತು ಇಂಥ ಘಾಟಿಗಳನ್ನೇ ಹತ್ತುತ್ತಿದ್ದವು. ಕೊಂಕಣದ ಬಂದರುಗಳಾದ ಸೋಪಾರಾ, ಕಲ್ಯಾಣ್, ಥಾಣೆ, ಚೌಲ್‌ಗಳಲ್ಲಿ ಇಳಿದ ಮಾಲು ಸಹ್ಯಾದ್ರಿಯ ಗೋಡೆ ದಾಟಿಯೇ ದಖ್ಖಣಕ್ಕೆ ಹೋಗಬೇಕಿತ್ತು. ಜುನ್ನರ್ ಕಡೆಯ ನಾಣೇಘಾಟಿನಲ್ಲಿ ಶಾತವಾಹನರ ಕಾಲದ ಶಾಸನವೂ ಸುಂಕದ ಹಣ ಹಾಕುತ್ತಿದ್ದರು ಎಂದು ಜನ ಹೇಳುವ ದೊಡ್ಡ ಕಲ್ಲಿನ ಕೊಪ್ಪರಿಗೆಯೂ ಇಂದಿಗೂ ಇವೆ. ಘಾಟಿ ಯಾರ ಕೈಯಲ್ಲೋ ಸುಂಕ ಅವರ ಕೈಗೆ. ಘಾಟಿ ಕಾಯಲು ಬೆಟ್ಟದ ಮೇಲೊಂದು ಕೋಟೆ, ಬಂದರು ಕಾಯಲು ಖಾಡಿಯ ಬಾಯಲ್ಲೊಂದು ಕೋಟೆ. ಟೋಲ್ ನಾಕಾ ಹೊಸದೇನಲ್ಲ!

ಇಲ್ಲಿಯ ಕಲ್ಲೂ ಬೇರೆ. ಚಿತ್ರದುರ್ಗದಲ್ಲಿ ಗ್ರಾನೈಟಿನ ಉಂಡೆಬಂಡೆಗಳ ನಡುವೆ ಸಂದು ನೋಡಿ ಗೋಡೆ ಕಟ್ಟಿದರು. ಇಲ್ಲಿ ಲಕ್ಷಾಂತರ ವರ್ಷಗಳ ಕಾಲ ಹರಿದ ಲಾವಾ ಪದರ ಪದರವಾಗಿ ಕೂತು ಆದ ಕಪ್ಪು ಕಲ್ಲು. ಅಂಚುಗಳು ಚಾಕುವಿನಿಂದ ಕತ್ತರಿಸಿದ ಹಾಗೆ ನೇರವಾಗಿ ಕೆಳಗಿಳಿಯುತ್ತವೆ. ಅದರಿಂದಾಗಿ ಬೆಟ್ಟವೇ ಮುಕ್ಕಾಲು ಕೋಟೆ. ಹತ್ತಬಹುದಾದ ಒಂದೆರಡು ಕಡೆ ಮಾತ್ರ ಬಾಗಿಲು, ಗೋಡೆ ಕಟ್ಟಿ, ಮೇಲೆ ಬಂಡೆಯಲ್ಲೇ ನೀರಿನ ತೊಟ್ಟಿ ಕೊರೆದರೆ ಮುಗಿಯಿತು. ಈ ತೊಟ್ಟಿಗೆ ಮರಾಠಿಯಲ್ಲಿ ಟಾಂಕೆ ಎನ್ನುತ್ತಾರೆ. ಯಾವ ಬೆಟ್ಟದ ಕೋಟೆಗೆ ಹೋದರೂ ಮೊದಲು ಟಾಂಕೆ ಎಲ್ಲಿದೆ ನೋಡಿ. ನೀರಿದ್ದರೆ ಮಾತ್ರ ಕೋಟೆ ಉಳಿಯುತ್ತಿತ್ತು.

ನಮ್ಮ ಕಲ್ಯಾಣವೂ ಇಲ್ಲಿಯ ಕಲ್ಯಾಣವೂ

ಊರಿನಿಂದ ಫೋನ್ ಮಾಡುವ ಹಿರಿಯರಿಗೆ 'ಕಲ್ಯಾಣ್' ಎಂದರೆ ಬಸವಣ್ಣನವರ ಕಲ್ಯಾಣವೇ ನೆನಪಾಗುತ್ತದೆ. ಚಾಲುಕ್ಯರ ರಾಜಧಾನಿಯಾಗಿದ್ದ ಆ ಕಲ್ಯಾಣ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಲ್ಲಿಯೂ ಒಂದು ಚೆಂದದ ಕೋಟೆಯಿದೆ. ನಮ್ಮ ಲೋಕಲ್ ನಿಲ್ಲುವ ಕಲ್ಯಾಣ್ ಬೇರೆ. ಅದೂ ಚಿಕ್ಕ ಊರೇನಲ್ಲ. ಸುಮಾರು 2000 ವರ್ಷಗಳ ಹಿಂದೆ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ಕಡಲ ವ್ಯಾಪಾರದ ಕೈಪಿಡಿಯಲ್ಲಿ ಈ ಬಂದರಿನ ಹೆಸರು ಬರುತ್ತದೆ.

ಇಲ್ಲಿಯ ದುರ್ಗಾಡಿ ಕೋಟೆ ಭಿವಂಡಿ ರಸ್ತೆಯ ಸೇತುವೆಯ ಪಕ್ಕದಲ್ಲೇ ಇದೆ. ಬಸ್ಸಿನಲ್ಲಿ ದಿನಾ ಹೋಗುವವರೂ ತಲೆಯೆತ್ತಿ ನೋಡುವುದು ಕಡಿಮೆ. ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದ ಕಲ್ಯಾಣ್-ಭಿವಂಡಿಯನ್ನು 1657ರಲ್ಲಿ ಶಿವಾಜಿಯ ಪಡೆ ಗೆದ್ದಿತು. ಮರಾಠ ನೌಕಾಪಡೆಯ ಮೊದಲ ಹಡಗುಗಳು ಈ ಖಾಡಿಯಲ್ಲೇ ತಯಾರಾದವು ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಈಗ ಉಳಿದಿರುವುದು ಒಂದಿಷ್ಟು ಗೋಡೆ, ಬುರುಜು, ದುರ್ಗೆಯ ಗುಡಿ, ಒಂದು ಈದ್ಗಾ. ಅರ್ಧ ಗಂಟೆಯಲ್ಲಿ ನೋಡಿ ಮುಗಿಯುತ್ತದೆ. ಚಿಕ್ಕ ಮಕ್ಕಳಿದ್ದರೆ ಮೊದಲ ಕೋಟೆಯಾಗಿ ಇದೇ ಸರಿ. ಸಂಜೆ ಖಾಡಿಯ ಮೇಲಿನ ಗಾಳಿಯಂತೂ ಚೆನ್ನಾಗಿರುತ್ತದೆ.

ಅದೇ ದಿನ ಅಂಬರನಾಥಕ್ಕೂ ಹೋಗಿ ಬನ್ನಿ. ಅಲ್ಲಿಯ ಶಿವಾಲಯ ಕೋಟೆಯಲ್ಲ, ಆದರೆ ಇಲ್ಲಿಯ ಮಧ್ಯಯುಗದ ಇತಿಹಾಸಕ್ಕೆ ಅದೇ ಹೆಬ್ಬಾಗಿಲು. ಶಿಲಾಹಾರ ಅರಸ ಮುಮ್ಮುಣಿಯ ಕಾಲದ ಶಾಸನ ಅದರಲ್ಲಿದೆ, ವರ್ಷ 1060. ಥಾಣೆಯನ್ನು, ಅಂದರೆ ಆಗಿನ ಶ್ರೀಸ್ಥಾನಕವನ್ನು, ರಾಜಧಾನಿ ಮಾಡಿಕೊಂಡಿದ್ದವರು ಈ ಶಿಲಾಹಾರರು. ಮೊದಲಿಗೆ ಇವರು ನಮ್ಮ ಮಳಖೇಡದ ರಾಷ್ಟ್ರಕೂಟರ ಸಾಮಂತರು. ಬೋರಿವಲಿಯ ಕಾನ್ಹೇರಿ ಗುಹೆಗಳಲ್ಲಿ ಇವರು 9ನೇ ಶತಮಾನದಲ್ಲಿ ಬರೆಸಿದ ಶಾಸನಗಳಿವೆ. ಅವುಗಳಲ್ಲಿ ತಮ್ಮ ಒಡೆಯನೆಂದು ಹೇಳಿಕೊಂಡಿರುವುದು ಯಾರನ್ನು? ಅಮೋಘವರ್ಷನನ್ನು. 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ದೊರೆ ಅವನೇ. ಇವರ ತಾಮ್ರಪಟಗಳ ಭಾಷೆ ಸಂಸ್ಕೃತ, ಆದರೆ ಬಿರುದುಗಳ ನಡುವೆ 'ಗಂಡರಗಂಡ', 'ಮಲಗಲಗಂಡ' ಎಂಬ ಅಚ್ಚ ಕನ್ನಡ ಇಣುಕುತ್ತದೆ. ಇವರ ಮೂಲ ಕನ್ನಡದ ನೆಲದಲ್ಲೇ ಇರಬೇಕು ಎಂದು ವಿದ್ವಾಂಸರು ಊಹಿಸುವುದು ಅದಕ್ಕೇ. ಥಾಣೆಯಲ್ಲಿ ಕನ್ನಡ ಕೇಳಿಸತೊಡಗಿದ್ದು ಉಡುಪಿ ಹೋಟೆಲುಗಳಿಂದ ಎಂದುಕೊಂಡವರಿಗೆ ಇದೊಂದು ಒಳ್ಳೆಯ ಸುದ್ದಿ.

ಒಳಗೆ ಬಿಡದ ಕೋಟೆ

ಥಾಣೆಯಲ್ಲೂ ಒಂದು ಕೋಟೆಯಿದೆ, ಆದರೆ ನೋಡಲು ಬಿಡುವುದಿಲ್ಲ, ಏಕೆಂದರೆ ಅದೇ ಥಾಣೆ ಸೆಂಟ್ರಲ್ ಜೈಲು. 1730ರ ಸುಮಾರಿಗೆ ಪೋರ್ಚುಗೀಸರು ಕಟ್ಟತೊಡಗಿದರು. 1737ರಲ್ಲಿ ಮರಾಠರು ಕಿತ್ತುಕೊಂಡರು. 1774ರ ಡಿಸೆಂಬರಿನಲ್ಲಿ ಬ್ರಿಟಿಷರ ಕೈಗೆ ಹೋಯಿತು. ಆಮೇಲೆ ಸೆರೆಮನೆಯಾಯಿತು. ನಾಸಿಕದ ಕಲೆಕ್ಟರ್ ಜಾಕ್ಸನ್ ಕೊಲೆ ಪ್ರಕರಣದಲ್ಲಿ ಅನಂತ ಕಾನ್ಹೆರೆ ಮತ್ತು ಇನ್ನಿಬ್ಬರನ್ನು 1910ರ ಏಪ್ರಿಲ್ 19ರಂದು ಗಲ್ಲಿಗೇರಿಸಿದ್ದು ಇಲ್ಲೇ.

ಇದರ ಗೋಡೆಯ ಪಕ್ಕ ಹೋಗುವಾಗ ನನಗೆ ನೆನಪಾಗುವುದು ಇನ್ನೊಂದು ಕತೆ. ಎರಡನೇ ಬಾಜಿರಾವ್ ಪೇಶ್ವೆಯ ಮಂತ್ರಿ ತ್ರಿಂಬಕಜಿ ಡೇಂಗಳೆಯನ್ನು ಕೊಲೆಯ ಆರೋಪದ ಮೇಲೆ ಬ್ರಿಟಿಷರು ಇಲ್ಲಿ ಕೂಡಿಹಾಕಿದ್ದರು. ಕಾವಲಿಗೆ ಯುರೋಪಿಯನ್ ಸಿಪಾಯಿಗಳೇ ಬೇಕೆಂದು ಇಟ್ಟರು, ದೇಶೀಯರಾದರೆ ಲಂಚಕ್ಕೆ ಬಗ್ಗಿಯಾರು ಎಂಬ ಅನುಮಾನ. ಆಂಗ್ಲ ಅಧಿಕಾರಿಯೊಬ್ಬನ ಕುದುರೆ ನೋಡಿಕೊಳ್ಳುವವನು ಮಾತ್ರ ಮರಾಠಿಯವನು. ಅವನು ಕುದುರೆ ತಿಕ್ಕುತ್ತಾ ದಿನಾ ಕಿಟಕಿಯ ಕೆಳಗೆ ಹಾಡು ಹೇಳುತ್ತಿದ್ದನಂತೆ. ಕುದುರೆ ಎಲ್ಲಿ ನಿಂತಿದೆ, ಸಂಗಾತಿಗಳು ಎಲ್ಲಿ ಕಾದಿದ್ದಾರೆ ಎಲ್ಲವೂ ಆ ಹಾಡಿನಲ್ಲೇ. ಕಾವಲಿನವರಿಗೆ ಮರಾಠಿ ಬಾರದು, ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. 1816ರ ಸೆಪ್ಟೆಂಬರ್ 12ರ ರಾತ್ರಿ ತ್ರಿಂಬಕಜಿ ಪರಾರಿ! ಇರುವ ಊರಿನ ಭಾಷೆ ಕಲಿಯಬೇಕು ಎಂದು ಹೊಸದಾಗಿ ಬಂದ ಹುಡುಗರಿಗೆ ಹೇಳಬೇಕಾದಾಗ ನಾನು ಈ ಕತೆಯನ್ನೇ ಹೇಳುತ್ತೇನೆ.

ದಿವಾ ಮೆಮು ಹಿಡಿದು ವಸಾಯಿಗೆ

ನಮ್ಮ ಕಡೆಯಿಂದ ವಸಾಯಿಗೆ ದಾದರ್ ಸುತ್ತಿ ಹೋಗಬೇಕಾಗಿಲ್ಲ. ದಿವಾದಿಂದ ವಸಾಯಿ ರೋಡಿಗೆ ಭಿವಂಡಿ ಮಾರ್ಗವಾಗಿ ಮೆಮು ರೈಲಿದೆ, ಡೊಂಬಿವಲಿಯವರು ಪಕ್ಕದ ಕೋಪರಿನಲ್ಲೂ ಹತ್ತಬಹುದು. ದಿನಕ್ಕೆ ಕೆಲವೇ ಗಾಡಿಗಳು, ವೇಳೆ ನೋಡಿಕೊಂಡು ಹೊರಡಿ. ದಾರಿಯುದ್ದಕ್ಕೂ ಉಪ್ಪಿನ ಗದ್ದೆ, ಖಾಡಿ, ಹಸಿರು. ಸ್ಟೇಷನ್ನಿನಿಂದ ಕೋಟೆಗೆ ಬಸ್ಸು, ಆಟೊ ಸಿಗುತ್ತವೆ.

ವಸಾಯಿ ಕೋಟೆ ನೋಡಲು ಅರ್ಧ ದಿನ ಬೇಕೇ ಬೇಕು. ಸುತ್ತಳತೆಯೇ ನಾಲ್ಕು ಕಿಲೋಮೀಟರಿಗೂ ಹೆಚ್ಚು. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಶಾ ಈ ಪ್ರದೇಶವನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಮುಂಬಯಿಯ ದ್ವೀಪಗಳೂ ಅದೇ ಒಪ್ಪಂದದಲ್ಲಿ ಹೋದವು. ಮುಂದೆ 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಮದುವೆಯ ವರದಕ್ಷಿಣೆಯಾಗಿ ಮುಂಬಯಿ ಇಂಗ್ಲೆಂಡಿನ ಅರಸನಿಗೆ ಸಿಕ್ಕಿದ್ದು ಗೊತ್ತೇ ಇದೆ. ಆಗ ಮುಂಬಯಿ ಚಿಕ್ಕದು, ವಸಾಯಿ ದೊಡ್ಡದು. ಗೋವೆಯ ಉತ್ತರಕ್ಕೆ ಪೋರ್ಚುಗೀಸರ ಮುಖ್ಯ ನಗರವೇ ಇದು. ಗೋಡೆಯ ಒಳಗೆ ಬೀದಿಗಳು, ಕಾಲೇಜು, ಆಸ್ಪತ್ರೆ, ಹಲವು ಚರ್ಚು, ಮಠಗಳಿದ್ದವು. ಈಗ ಚಾವಣಿಯಿಲ್ಲದ ಗೋಡೆಗಳ ಮೇಲೆ ಅರಳಿ, ಆಲದ ಬೇರು. ಫ್ರಾನ್ಸಿಸ್ಕನ್ ಚರ್ಚಿನ ನೆಲದ ಮೇಲೆ ಹೆಸರು, ವರ್ಷ ಕೆತ್ತಿದ ಗೋರಿಕಲ್ಲುಗಳಿವೆ, ನೋಡಿಕೊಂಡು ಕಾಲಿಡಿ. ವಸಾಯಿಯಲ್ಲಿ ಹುಟ್ಟಿ ಜಪಾನಿನ ನಾಗಸಾಕಿಯಲ್ಲಿ 1597ರಲ್ಲಿ ಶಿಲುಬೆಗೇರಿದ ಗೊನ್ಸಾಲೊ ಗಾರ್ಸಿಯಾ ಎಂಬ ಸಂತರ ಹೆಸರಿನ ಚರ್ಚೂ ಇಲ್ಲಿದೆ.

1739ರ ಮೇ ತಿಂಗಳಲ್ಲಿ, ತಿಂಗಳುಗಟ್ಟಲೆಯ ಮುತ್ತಿಗೆಯ ನಂತರ, ಮೊದಲನೇ ಬಾಜಿರಾಯನ ತಮ್ಮ ಚಿಮಾಜಿ ಅಪ್ಪ ಕೋಟೆಯನ್ನು ಗೆದ್ದ. ಸೋತವರು ಕುಟುಂಬ ಸಮೇತ ಹೊರಟುಹೋಗಲು ಅವಕಾಶ ಕೊಟ್ಟ. ಚರ್ಚುಗಳ ಗಂಟೆಗಳು ಮರಾಠ ಸೀಮೆಯ ದೇವಸ್ಥಾನಗಳಿಗೆ ಹೋದವು. ನಾಸಿಕದ ನಾರೋಶಂಕರ ದೇಗುಲಕ್ಕೆ ಹೋದವರು ಆ ದೊಡ್ಡ ಗಂಟೆಯನ್ನು ನೋಡಿರಬಹುದು. ಇದೇ ವಸಾಯಿಯಲ್ಲಿ 1802ರ ಡಿಸೆಂಬರ್ 31ರಂದು ಎರಡನೇ ಬಾಜಿರಾವ್ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದಕ್ಕೆ ಸಹಿ ಹಾಕಿ ಪೇಶ್ವೆಗಳ ಸ್ವಾತಂತ್ರ್ಯವನ್ನು ಅಡವಿಟ್ಟ. ಗೆಲುವೂ ಶರಣಾಗತಿಯೂ ಒಂದೇ ಊರಿನ ಹೆಸರಿನಲ್ಲಿವೆ. ಸಮುದ್ರದ ಕಡೆಯ ಬಾಗಿಲಿನಿಂದ ಹೊರಗೆ ಬಂದರೆ ಕೋಳಿ ಜನರ ದೋಣಿಗಳು, ಒಣಗಲು ಹಾಕಿದ ಮೀನು. ಕರಾವಳಿಯ ಕಡೆಯ ನಮ್ಮವರಿಗೆ ಆ ವಾಸನೆಗೇ ಊರು ನೆನಪಾಗುತ್ತದೆ.

ಮಾಹುಲಿಯಿಂದ ಬೆಂಗಳೂರಿಗೆ

ದೀಪಾವಳಿ ಬಂತೆಂದರೆ ಇಲ್ಲಿಯ ಬಿಲ್ಡಿಂಗುಗಳ ಕಾಂಪೌಂಡಿನಲ್ಲಿ ಮಕ್ಕಳು ಮಣ್ಣು, ಕಲ್ಲು, ಗೋಣಿಚೀಲ ಸೇರಿಸಿ 'ಕಿಲ್ಲಾ' ಕಟ್ಟುತ್ತಾರೆ. ರಾಗಿಯೋ ಸಾಸಿವೆಯೋ ಚೆಲ್ಲಿ ಹುಲ್ಲು ಬೆಳೆಸಿ, ಮೇಲೆ ಸಿಂಹಾಸನದ ಶಿವಾಜಿ, ಕೆಳಗೆ ಮಾವಳೆ ಸೈನಿಕರ ಗೊಂಬೆ ಇಡುತ್ತಾರೆ. ಮಹಾರಾಷ್ಟ್ರ ಬೋರ್ಡಿನ ನಾಲ್ಕನೇ ತರಗತಿಯ ಇತಿಹಾಸದ ಪುಸ್ತಕವಿಡೀ ಶಿವಾಜಿಯ ಕತೆ. ನನ್ನ ಮಗಳು ಓದುವುದು ಅದನ್ನೇ. ಹೋದ ವರ್ಷ ಕಿಲ್ಲಾ ಕಟ್ಟಿ ಕೈ ತೊಳೆಯುತ್ತಾ ಕೇಳಿದಳು: "ಅಪ್ಪ, ಇವೆಲ್ಲ ನನ್ನ ಫ್ರೆಂಡ್ಸ್ ಹಿಸ್ಟರಿ ಅಲ್ವಾ? ನಮ್ಮದು ಚಿತ್ರದುರ್ಗ ತಾನೆ?"

ಇಲ್ಲೇ ಹುಟ್ಟಿದ ಮಗು. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ತಾನು ಕೈಯಾರೆ ಕಟ್ಟಿದ ಕೋಟೆಯೂ ತನ್ನದಲ್ಲವೇನೋ ಎಂಬ ಅನುಮಾನ ಅವಳಿಗೆ. ಬಾಯಿಮಾತಿನಲ್ಲಿ ಸಮಾಧಾನ ಹೇಳಬಹುದಿತ್ತು. ಅದರ ಬದಲು ಡಿಸೆಂಬರಿನ ಒಂದು ಭಾನುವಾರ ಮಾಹುಲಿಗೆ ಕರೆದುಕೊಂಡು ಹೋದೆ. ನಮ್ಮ ಮಹಡಿಯಲ್ಲೇ ಇರುವ, ರೈಲ್ವೆಯಿಂದ ನಿವೃತ್ತರಾದ ಮರಾಠಿ ಕಾಕಾ "ನಾನೂ ಬರ್ತೀನಿ, ನೋಡಿ ಮೂವತ್ತು ವರ್ಷ ಆಯ್ತು" ಎಂದು ಜೊತೆಯಾದರು.

ಡೊಂಬಿವಲಿಯಿಂದ ಕಸಾರಾ ಅಥವಾ ಆಸನಗಾಂವ್ ಲೋಕಲ್ ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ಆಸನಗಾಂವ್. ಅಲ್ಲಿಂದ ತಪ್ಪಲಿನ ಮಾಹುಲಿ ಹಳ್ಳಿಗೆ ಆಟೊದಲ್ಲಿ ಐದು-ಆರು ಕಿಲೋಮೀಟರ್. ಥಾಣೆ ಜಿಲ್ಲೆಯ ಎತ್ತರದ ಬೆಟ್ಟಗಳಲ್ಲಿ ಇದೂ ಒಂದು, ಸುಮಾರು 850 ಮೀಟರ್. ಪಳಸಗಡ, ಮಾಹುಲಿ, ಭಂಡಾರಗಡ ಎಂದು ಮೂರು ಕೋಟೆಗಳು ಒಂದೇ ಸಾಲಿನಲ್ಲಿವೆ. ಹತ್ತಲು ಎರಡೂವರೆ-ಮೂರು ಗಂಟೆ. ಕಾಡಿನ ದಾರಿ, ಕೊನೆಯಲ್ಲಿ ಕಬ್ಬಿಣದ ಏಣಿ. ಮೇಲೆ ಕುಸಿದ ಮಹಾದ್ವಾರ, ಕಾವಲಿನವರು ಇರುತ್ತಿದ್ದ ಕೊರೆದ ಕೋಣೆಗಳು, ನೀರಿನ ಟಾಂಕೆ. ಒಂದು ಕಡೆಯ ಬಾಗಿಲಿಗೆ 'ಕಲ್ಯಾಣ ದರವಾಜಾ' ಎಂದೇ ಹೆಸರು. ಅಂಚಿಗೆ ಬಂದರೆ ಕೆಳಗೆ ತಾನ್ಸಾ ಕೆರೆ ಹೊಳೆಯುತ್ತದೆ. ಮುಂಬಯಿಯ ನಲ್ಲಿಗಳಿಗೆ ನೀರು ಹೋಗುವ ಕೆರೆಗಳಲ್ಲಿ ಅದೂ ಒಂದು.

ಟಾಂಕೆಯ ಪಕ್ಕ ಕೂತು ಚಪಾತಿ, ಶೇಂಗಾ ಚಟ್ನಿ ಬಿಚ್ಚಿದಾಗ ಮಗಳಿಗೆ ಕತೆ ಹೇಳಿದೆ.

1636. ಅಹಮದ್‌ನಗರದ ನಿಜಾಮಶಾಹಿ ಮುಳುಗುತ್ತಿತ್ತು. ಶಿವಾಜಿಯ ಅಪ್ಪ ಶಹಾಜಿ ಭೋಸಲೆ ಆ ವಂಶದ ಬಾಲಕನೊಬ್ಬನನ್ನು ಪಟ್ಟದಲ್ಲಿ ಕೂರಿಸಿ, ಮೊಗಲರನ್ನೂ ಬಿಜಾಪುರದವರನ್ನೂ ಎದುರಿಸುತ್ತಾ ಕೊನೆಗೆ ಈ ಮಾಹುಲಿಯಲ್ಲಿ ನಿಂತ. ಜೊತೆಗೆ ಜೀಜಾಬಾಯಿ, ಆರೇಳು ವರ್ಷದ ಶಿವಾಜಿಯೂ ಇದ್ದರೆಂದು ಹೇಳುತ್ತಾರೆ. ಮೊಗಲರ ಖಾನ್ ಜಮಾನ್, ಬಿಜಾಪುರದ ರಣದುಲ್ಲಾ ಖಾನ್ ಇಬ್ಬರೂ ಸೇರಿ ಮುತ್ತಿಗೆ ಹಾಕಿದರು. ಮಳೆಗಾಲ ಕಳೆಯಿತು, ಸಹಾಯ ಬರಲಿಲ್ಲ. ಶಹಾಜಿ ಕೋಟೆ ಒಪ್ಪಿಸಿ, ಬಿಜಾಪುರದ ಆದಿಲ್‌ಶಾಹಿಯ ಸೇವೆಗೆ ಸೇರಿದ.

ಆಮೇಲೆ? ಅದೇ ರಣದುಲ್ಲಾ ಖಾನ್ ಮುಂದಿನ ವರ್ಷಗಳಲ್ಲಿ ಕರ್ನಾಟಕದ ಮೇಲೆ ದಂಡೆತ್ತಿ ಹೊರಟ. ಜೊತೆಗೆ ಶಹಾಜಿ. ಇಕ್ಕೇರಿಯ ಮೇಲೆ ಬಿದ್ದರು. 1638ರಲ್ಲಿ ಕೆಂಪೇಗೌಡರ ವಂಶದವರಿಂದ ಬೆಂಗಳೂರು ಕಿತ್ತುಕೊಂಡರು. ಗೌಡರು ಮಾಗಡಿಗೆ ಹೋದರು. ಬೆಂಗಳೂರು ಶಹಾಜಿಗೆ ಜಹಗೀರಾಗಿ ಸಿಕ್ಕಿತು. ಬಾಲಕ ಶಿವಾಜಿ ತಾಯಿಯ ಜೊತೆ ಕೆಲಕಾಲ ಬೆಂಗಳೂರಿನಲ್ಲಿ ಇದ್ದು ಹೋದ. ಶಹಾಜಿ ಮಾತ್ರ ಮರಳಿ ಇತ್ತ ಬಂದು ನೆಲೆಸಲೇ ಇಲ್ಲ. 1664ರ ಜನವರಿಯಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ಸತ್ತ. ಅವನ ಸಮಾಧಿ ಇರುವುದು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿ.

ನನ್ನ ಊರು ಅದೇ ತಾಲೂಕಿನದು. ನಮ್ಮಜ್ಜಿಯ ಮನೆಗೆ ಹೋಗುವ ಬಸ್ಸು ಹೊದಿಗೆರೆಯ ಮೇಲೆಯೇ ಹೋಗುತ್ತಿತ್ತು.

ಇನ್ನೂ ಇದೆ. ಚನ್ನಗಿರಿ ಎಂಬ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮನಿಂದ ಎನ್ನುತ್ತಾರೆ. 1689ರಲ್ಲಿ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ ಮೇಲೆ ಶಿವಾಜಿಯ ಕಿರಿಯ ಮಗ ರಾಜಾರಾಮ ತಲೆಮರೆಸಿಕೊಂಡು ಜಿಂಜಿ ಕೋಟೆಗೆ ಹೊರಟ. ದಾರಿಯಲ್ಲಿ ಅವನಿಗೆ ಆಸರೆ ಕೊಟ್ಟು, ಮೊಗಲರ ಸಿಟ್ಟು ಮೈಮೇಲೆ ಎಳೆದುಕೊಂಡವಳು ಇದೇ ಚೆನ್ನಮ್ಮ. ಮರಾಠ ಅರಸೊತ್ತಿಗೆ ಉಳಿದದ್ದರಲ್ಲಿ ಮಲೆನಾಡಿನ ಈ ಹೆಣ್ಣುಮಗಳ ಪಾಲೂ ಇದೆ.

ಮಗಳು ಸುಮ್ಮನೆ ಕೇಳಿಸಿಕೊಂಡು, "ಹಾಗಾದರೆ ಅವರು ಇಲ್ಲಿಂದ ನಮ್ಮೂರಿಗೆ ಹೋದರು, ನೀನು ನಮ್ಮೂರಿಂದ ಇಲ್ಲಿಗೆ ಬಂದೆ" ಎಂದಳು. ನಾನು ಮರಾಠಿಯಲ್ಲಿ ಅದನ್ನು ಕಾಕಾಗೆ ಹೇಳಿದೆ. ಹೊದಿಗೆರೆಯ ಹೆಸರು ಅವರಿಗೆ ಗೊತ್ತಿತ್ತು, ಹೋಗಿರಲಿಲ್ಲ. "ಮುಂದಿನ ಸಲ ಊರಿಗೆ ಹೋದಾಗ ನನ್ನನ್ನೂ ಕರ್ಕೊಂಡು ಹೋಗಿ. ಒಂದು ಹೂವು ಇಟ್ಟು ಬರ್ತೀನಿ" ಎಂದರು. ಮೇ ತಿಂಗಳಿಗೆ ಅವರ ಟಿಕೆಟ್ಟೂ ಮಾಡಿಸಬೇಕು.

ನಾನು ಹೇಳಬೇಕೆಂದಿದ್ದು ಇಷ್ಟೇ. ಈ ಕೋಟೆಗಳು ಮರಾಠಿಗರವು, ಸರಿ. ಆದರೆ ಈ ಬೆಟ್ಟಗಳಿಗೂ ನಮ್ಮ ಊರುಗಳಿಗೂ ನಡುವಿನ ದಾರಿಯಲ್ಲಿ ಅರಸರು, ಸೈನಿಕರು, ವ್ಯಾಪಾರಿಗಳು, ಹೊಟ್ಟೆಪಾಡಿನವರು ಎರಡೂ ಕಡೆಗೆ ನಡೆಯುತ್ತಲೇ ಇದ್ದರು. ನಾವು ಆ ದಾರಿಯಲ್ಲಿ ಕೊನೆಗೆ ಬಂದವರು, ಅಷ್ಟೇ. ನಮ್ಮ ಮಕ್ಕಳು ಇದನ್ನು ಕಣ್ಣಾರೆ ಕಂಡರೆ ಊರಿಗೂ ಇಲ್ಲಿಗೂ ನಡುವೆ ಒಂದನ್ನು ಆರಿಸಿಕೊಳ್ಳಬೇಕಾದ ಕಷ್ಟ ಅವರಿಗೆ ಬರುವುದಿಲ್ಲ.

ನವಿಮುಂಬಯಿ ಕಡೆ

ನೆರುಲ್, ಸೀವುಡ್ಸ್, ಬೇಲಾಪುರದಲ್ಲಿರುವವರಿಗೆ ಕೋಟೆ ಮನೆಯ ಅಂಗಳದಲ್ಲೇ ಇದೆ. ಮಹಾನಗರಪಾಲಿಕೆಯ ದೊಡ್ಡ ಕಟ್ಟಡದ ಸಮೀಪ, ಹೆಸರಿನಲ್ಲೇ 'ಕಿಲ್ಲೆ' ಇರುವ ಗಾಂವಠಾಣದಲ್ಲಿ, ಬೇಲಾಪುರ ಕೋಟೆಯ ಬುರುಜು ಉಳಿದಿದೆ. 16ನೇ ಶತಮಾನದಲ್ಲಿ ಜಂಜಿರಾದ ಸಿದ್ದಿಗಳು ಕಟ್ಟಿದ್ದು. ಆಮೇಲೆ ಪೋರ್ಚುಗೀಸರು, 1733ರಲ್ಲಿ ಚಿಮಾಜಿ ಅಪ್ಪ, 1817ರಲ್ಲಿ ಬ್ರಿಟಿಷರು. ಕೋಟೆ ಗೆದ್ದರೆ ಅಮೃತೇಶ್ವರನಿಗೆ ಬೇಲದ ಎಲೆ, ಅಂದರೆ ನಮ್ಮ ಬಿಲ್ವಪತ್ರೆಯ ಮಾಲೆ ಏರಿಸುತ್ತೇನೆಂದು ಚಿಮಾಜಿ ಹರಕೆ ಹೊತ್ತಿದ್ದರಿಂದ ಬೇಲಾಪುರ ಎಂಬ ಹೆಸರು ಬಂತೆಂದು ಒಂದು ಕತೆಯಿದೆ.

ಪನ್ವೇಲಿನಿಂದ ಗೋವಾ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಕರ್ನಾಳಾ. ಹೆಬ್ಬೆರಳು ಎತ್ತಿ ತೋರಿಸಿದ ಹಾಗೆ ಕಾಣುವ ಕಲ್ಲಿನ ಕಂಬ ಅದರ ಗುರುತು. ಕೋಟೆ ಇರುವುದು 1968ರಲ್ಲಿ ಘೋಷಣೆಯಾದ ಪಕ್ಷಿಧಾಮದ ಒಳಗೆ. ಒಂದೂವರೆ-ಎರಡು ಗಂಟೆಯ ಏರು, ನೆರಳಿನ ದಾರಿ. ಕಂಬದ ಬಂಡೆಯಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಗಲಾಟೆ, ಹೊಗೆ, ಸೆಂಟು ಬೇಡವೇ ಬೇಡ. ಬ್ರಿಟಿಷರ ವಿರುದ್ಧ 1879ರಲ್ಲಿ ದಂಗೆಯೆದ್ದ ವಾಸುದೇವ ಬಳವಂತ ಫಡಕೆ ಹುಟ್ಟಿದ ಶಿರಢೋಣ ಹಳ್ಳಿ ಹತ್ತಿರದಲ್ಲೇ ಇದೆ. ಅವರ ಅಜ್ಜ ಇದೇ ಕರ್ನಾಳಾದ ಕಿಲ್ಲೇದಾರರಾಗಿದ್ದರು.

ಪುಣೆ ಎಕ್ಸ್‌ಪ್ರೆಸ್‌ವೇಯಿಂದ ಕಾಣುವ ಇರ್ಶಾಳಗಡದ ಬಗ್ಗೆ ಬರೆಯುವಾಗ ಕೈ ತಡೆಯುತ್ತದೆ. ಅದರ ಇಳಿಜಾರಿನಲ್ಲಿ ಇರ್ಶಾಳವಾಡಿ ಎಂಬ ಠಾಕರ್ ಆದಿವಾಸಿಗಳ ಪುಟ್ಟ ಹಳ್ಳಿಯಿತ್ತು. ಕೋಟೆಗೆ ಹೋಗುವವರೆಲ್ಲ ಆ ಹಳ್ಳಿಯ ಮೂಲಕವೇ ಹತ್ತುತ್ತಿದ್ದರು. 2023ರ ಜುಲೈ 19ರ ರಾತ್ರಿ ಬೆಟ್ಟ ಕುಸಿದು ಹಳ್ಳಿ ಮಣ್ಣಿನಡಿ ಸೇರಿತು. 27 ಜನರ ಶವಗಳು ಸಿಕ್ಕವು, ಸಿಗದೇ ಹೋದವರು ಅದಕ್ಕಿಂತ ಹೆಚ್ಚು. ಶೋಧ ನಿಲ್ಲಿಸಿ ಆ ಜಾಗವನ್ನು ಹಾಗೆಯೇ ಬಿಟ್ಟರು. ಈ ಕೋಟೆಗಳ ತಪ್ಪಲಲ್ಲಿ ಬದುಕುವವರು ಬಹುತೇಕ ಇಂಥ ಬಡ ಆದಿವಾಸಿ ಕುಟುಂಬಗಳು. ನಮಗೆ ಕೋಟೆ ಭಾನುವಾರದ ಮಾತು, ಅವರಿಗೆ ಆ ಬೆಟ್ಟವೇ ವರ್ಷವಿಡೀ ಮನೆ.

ಹೊರಡುವವರಿಗೆ ನಾಲ್ಕು ಮಾತು

ಬೆಟ್ಟದ ಕೋಟೆಗಳಿಗೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದ ಹಸಿರು ಕಣ್ಣಿಗೆ ಹಬ್ಬ, ಆದರೆ ಕಪ್ಪು ಕಲ್ಲು ಜಾರುತ್ತದೆ, ಜಿಲ್ಲಾಡಳಿತದ ನಿಷೇಧವೂ ಆಗಾಗ ಇರುತ್ತದೆ. ವಿಚಾರಿಸದೆ ಹೊರಡಬೇಡಿ. ಪ್ರಬಲಗಡದ ಪಕ್ಕದ ಕಲಾವಂತಿಣದ ಕಡಿದಾದ ಮೆಟ್ಟಿಲುಗಳ ವೀಡಿಯೊ ನೋಡಿ ಮಕ್ಕಳನ್ನು ಎಳೆದುಕೊಂಡು ಹೋಗುವುದೂ ಬೇಡ.

ತಲೆಗೆ ಕನಿಷ್ಠ ಎರಡು ಲೀಟರ್ ನೀರು, ಹಿಡಿತವಿರುವ ಬೂಟು, ಟೋಪಿ, ಪೂರ್ತಿ ಚಾರ್ಜಾದ ಫೋನ್. ಮಾಹುಲಿಯಂಥ ಕಡೆ ದಾರಿ ಕವಲೊಡೆಯುತ್ತದೆ, ಹಳ್ಳಿಯ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಳ್ಳಿ. ದಾರಿಯೂ ತಪ್ಪುವುದಿಲ್ಲ, ಅವನ ಮನೆಗೂ ನಾಲ್ಕು ಕಾಸು. ಊಟವನ್ನು ಮೊದಲೇ ಹೇಳಿದರೆ ತಪ್ಪಲಿನ ಮನೆಗಳಲ್ಲೇ ಅಕ್ಕಿ ಭಾಕರಿ, ಪಿಠ್ಲ ಮಾಡಿಕೊಡುತ್ತಾರೆ. ಪಿಠ್ಲ ಎಂದರೆ ನಮ್ಮ ಉತ್ತರ ಕರ್ನಾಟಕದ ಝುಣಕದ ತಂಗಿ. ಒಯ್ದ ಪ್ಲಾಸ್ಟಿಕ್ ಅಷ್ಟೂ ಚೀಲದಲ್ಲೇ ವಾಪಸು ಬರಲಿ. ಕೋಟೆಯ ಗೋಡೆಯ ಮೇಲೆ ಹೆಸರು ಕೆತ್ತುವವರು ಕಂಡರೆ ಮೆಲ್ಲಗೆ ತಿಳಿಸಿ ಹೇಳಿ. ಕೇಂದ್ರದ ರಕ್ಷಣೆಯಲ್ಲಿರುವ ವಸಾಯಿಯಂಥ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಕಾನೂನಿದೆ.

2025ರ ಜುಲೈನಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹನ್ನೊಂದು ಮಹಾರಾಷ್ಟ್ರದವು. ಹನ್ನೆರಡನೆಯದು ತಮಿಳುನಾಡಿನ ಜಿಂಜಿ, ಚೆನ್ನಮ್ಮನ ಆಸರೆ ಪಡೆದು ರಾಜಾರಾಮ ಸೇರಿಕೊಂಡ ಅದೇ ಕೋಟೆ. ಪಟ್ಟಿಯಲ್ಲಿ ನಮಗೆ ಒಂದು ದಿನದ ದೂರದಲ್ಲಿರುವುದು ಲೋಹಗಡ. ಕಲ್ಯಾಣದಿಂದ ಲೋಣಾವಳಾಕ್ಕೆ ರೈಲು, ಅಲ್ಲಿಂದ ಪುಣೆ ಲೋಕಲ್ಲಿನಲ್ಲಿ ಮಳವಲಿ, ಮುಂದೆ ನಡಿಗೆ. ಮೆಟ್ಟಿಲಿದೆ, ಹಿರಿಯರೂ ನಿಧಾನವಾಗಿ ಹತ್ತಬಹುದು. ಥಾಣೆ ಜಿಲ್ಲೆಯ ಒಂದು ಕೋಟೆಯೂ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಮಾಹುಲಿಯ ಮೇಲೆ ಇನ್ನೂ ಜನಜಂಗುಳಿಯಿಲ್ಲ. ಭಾನುವಾರ ಬೆಳಗಿನ ಕಸಾರಾ ಲೋಕಲ್ಲಿನಲ್ಲಿ ಕೂರಲು ಜಾಗವೂ ಸಿಗುತ್ತದೆ.